ಕರೆಂಟು ಹರಿಯುವ ಮಸಿ: ಒಂದಿಷ್ಟು ಟಿಪ್ಪಣಿಗಳು

ಎರಡೂ ಒಂದೇ ಒಲೆಯ ಇದ್ದಿಲು. ಒಂದು ತುಂಡಿಗೆ ಮಲ್ಟಿಮೀಟರಿನ ಮೊನೆಗಳನ್ನು ಒತ್ತಿದರೆ ಅಂಕೆಯೇ ಮೂಡುವುದಿಲ್ಲ. ಕರೆಂಟಿಗೆ ಅಲ್ಲಿ ದಾರಿಯಿಲ್ಲ. ಇನ್ನೊಂದು ತುಂಡು ಕೆಲವು ನೂರು ಓಮ್ ತೋರಿಸುತ್ತದೆ. ಬಣ್ಣ ಒಂದೇ, ಸೌದೆಯೂ ಒಂದೇ ಮರದ್ದು. ಹಾಗಾದರೆ ಬೇರೆಯಾದದ್ದು ಏನು?

ಬೆಂದ ಶಾಖ. ಮರ ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಿಲಾದರೆ ಅದು ಅವಾಹಕವಾಗಿಯೇ ಉಳಿಯುತ್ತದೆ. 700–800 ಡಿಗ್ರಿ ದಾಟಿದರೆ ಅದರ ರೋಧ ಲಕ್ಷಗಟ್ಟಲೆ ಪಟ್ಟು ಕುಸಿಯುತ್ತದೆ. ಆ ಶಾಖದಲ್ಲಿ ಇಂಗಾಲದ ಪರಮಾಣುಗಳು ಆರಾರು ಮೂಲೆಯ ಉಂಗುರಗಳಾಗಿ, ಉಂಗುರಗಳು ಹಾಳೆಗಳಾಗಿ ಹೆಣೆದುಕೊಳ್ಳುತ್ತವೆ. ಹಾಳೆ ದೊಡ್ಡದಾದಷ್ಟೂ ಎಲೆಕ್ಟ್ರಾನಿಗೆ ಓಡಾಡಲು ಜಾಗ ಸಿಗುತ್ತದೆ. ಒಲೆಯ ನಡುವೆ ಕೆಂಡವಾಗಿ ಉರಿದ ತುಂಡು ಕರೆಂಟು ಬಿಡುತ್ತದೆ, ಅಂಚಿನಲ್ಲಿ ಹೊಗೆಯಾಡಿ ಆರಿದ್ದು ಬಿಡುವುದಿಲ್ಲ.

ಹಳ್ಳಿಯ ಶಾಲೆಗಳಲ್ಲಿ ಕಪ್ಪುಹಲಗೆಗೆ ಇದ್ದಿಲಿನ ಪುಡಿಯನ್ನು ತೊಂಡೆ ಸೊಪ್ಪಿನ ರಸದಲ್ಲಿ ಕಲಸಿ ಬಳಿಯುವ ರೂಢಿಯಿತ್ತು. ಕೆಲವೆಡೆ ಸತ್ತ ಸೆಲ್ ಒಡೆದು ಅದರ ಕರಿಪುಡಿಯನ್ನೂ ಸೇರಿಸುತ್ತಿದ್ದರು. ಆ ಹಲಗೆ ಎಷ್ಟೇ ಕಪ್ಪಾಗಿದ್ದರೂ ಆ ಮಸಿಯಿಂದ ಸರ್ಕ್ಯೂಟ್ ಬರೆಯಲಾಗದು. ಈ ಟಿಪ್ಪಣಿಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಇವೆ: ಮಸಿ ಯಾವಾಗ ತಂತಿಯಾಗುತ್ತದೆ?

*

ಸೆಲ್ಲಿನ ಕರಿಪುಡಿಯ ವಿಷಯ. ಅದು ಬಹುಪಾಲು ಇಂಗಾಲವೇ ಅಲ್ಲ, ಮ್ಯಾಂಗನೀಸ್ ಡೈಆಕ್ಸೈಡ್. ಅದು ತಾನಾಗಿ ಕರೆಂಟನ್ನು ಚೆನ್ನಾಗಿ ಒಯ್ಯದು, ಆದ್ದರಿಂದ ತಯಾರಿಸುವವರು ಅದಕ್ಕೆ ನುಣ್ಣನೆಯ ಇಂಗಾಲದ ಮಸಿ ಬೆರೆಸುತ್ತಾರೆ. ಜೊತೆಗೆ ಸತುವಿನ ಕ್ಲೋರೈಡ್‌ನಂಥ ಲವಣಗಳಿರುತ್ತವೆ. ಅವು ಕೈ ಉರಿಸುತ್ತವೆ, ತಾಮ್ರದ ತಂತಿಯನ್ನು ತಿನ್ನುತ್ತವೆ. ಶಾಯಿಗೆ ಆ ಪುಡಿ ಬೇಡ. ನಡುವಿನ ಕಡ್ಡಿ ಮಾತ್ರ ಒಳ್ಳೆಯ ಇಂಗಾಲ, ಆದರೆ ಅದನ್ನು ನುಣ್ಣಗೆ ಅರೆಯುವುದು ಸುಲಭದ ಕೆಲಸವಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಗಕ್ಕೆ ಹಾಕಲೆಂದು ಮಾರುವ ಗ್ರಾಫೈಟ್ ಪುಡಿಯೇ ವಾಸಿ.

*

ಪೆನ್ಸಿಲ್. ತಯಾರಾಗಿ ಬಂದ ವಾಹಕ ಶಾಯಿ ಇದು, ಒಣಗಿಸುವ ಕೆಲಸವೂ ಇಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕಾಂತೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಹೆಚ್ಚಾದರೆ ಗಟ್ಟಿ, ಅದು ಎಚ್. ಗ್ರಾಫೈಟ್ ಹೆಚ್ಚಾದರೆ ಮೆತ್ತಗೆ, ಅದು ಬಿ. ಮಣ್ಣು ಅವಾಹಕ. ಹಾಗಾಗಿ 2ಎಚ್ ಪೆನ್ಸಿಲ್ಲಿನ ಗೆರೆ ಮೀಟರಿಗೆ ಸಿಕ್ಕೀತೇ ಇಲ್ಲವೇ ಎನ್ನುವಂತಿರುತ್ತದೆ. 6ಬಿ ಪೆನ್ಸಿಲ್ಲಿನಿಂದ ಒತ್ತಿ ಎಳೆದ ಐದು ಸೆಂಟಿಮೀಟರ್ ಗೆರೆ ಹತ್ತಾರು ಸಾವಿರ ಓಮ್ ತೋರಿಸುತ್ತದೆ. ಪೆನ್ಸಿಲ್ಲಿನ ಮೇಲೆ ಅಚ್ಚೊತ್ತಿದ ಆ ಅಕ್ಷರ ಕಲಾವಿದರಿಗೆ ಕಪ್ಪಿನ ಅಳತೆ. ಮೀಟರ್ ಹಿಡಿದವರಿಗೆ ಅದೇ ರೋಧದ ಅಳತೆಯೂ ಹೌದು.

ಗ್ರಾಫೈಟಿನೊಳಗೆ ಇನ್ನೊಂದು ಸೋಜಿಗವಿದೆ. ಅದು ಹಾಳೆಗಳ ಅಡಕಲು. ಹಾಳೆಯ ಉದ್ದಕ್ಕೆ ಕರೆಂಟು ಸಲೀಸಾಗಿ ಹೋಗುತ್ತದೆ. ಒಂದು ಹಾಳೆಯಿಂದ ಮೇಲಿನ ಹಾಳೆಗೆ ಹಾರಬೇಕಾದರೆ ಸಾವಿರ ಪಟ್ಟಿನಷ್ಟು ಕಷ್ಟಪಡುತ್ತದೆ. ಒಂದೇ ಹರಳಿಗೆ ಎರಡು ರೋಧ. ಹಾಗಾದರೆ ಶಾಯಿಯಲ್ಲಿ ಪುಡಿಯ ಚೂರುಗಳು ಹೇಗೆ ಮಲಗುತ್ತವೆ ಎಂಬುದೂ ಲೆಕ್ಕಕ್ಕೆ ಬರಬೇಕು. ಬಂದೇ ಬರುತ್ತದೆ. ಗ್ರಾಫೈಟ್ ಬಳಿದು ಒಣಗಿದ ಪಟ್ಟಿಯನ್ನು ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿ ಉಜ್ಜಿದರೆ ಅದು ಮಿರುಗುತ್ತದೆ, ರೋಧ ಕಣ್ಣೆದುರಿಗೇ ಇಳಿಯುತ್ತದೆ. ಪುಡಿ ಹೆಚ್ಚಾಗಲಿಲ್ಲ, ಅಂಟು ಕಡಿಮೆಯಾಗಲಿಲ್ಲ. ನಿಂತಿದ್ದ ಚೂರುಗಳು ಮಲಗಿದವು, ದೂರವಿದ್ದವು ಒಂದನ್ನೊಂದು ಮುಟ್ಟಿದವು, ಅಷ್ಟೇ.

*

ಮನೆಯಲ್ಲಿ ಮಾಡುವ ಶಾಯಿಯ ಪಾಕ: ಗ್ರಾಫೈಟ್ ಪುಡಿ ಎರಡು ಪಾಲು, ಫೆವಿಕಾಲ್ ಒಂದು ಪಾಲು, ಬ್ರಷ್ಷಿಗೆ ಹದವಾಗುವಷ್ಟು ನೀರು. ಪುಡಿ ಗಾಳಿಗೆ ಹಾರಿ ಮೂಗಿಗೆ ಹೋಗುತ್ತದೆ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು. ಗಂಟಿಲ್ಲದಂತೆ ಕಲಸಬೇಕು. ಇಷ್ಟೇ.

ಆದರೆ ಈ ಇಷ್ಟರಲ್ಲೇ ಒಂದು ತೊಡಕಿದೆ. ಅಂಟು ಇಲ್ಲದಿದ್ದರೆ ಪುಡಿ ಉದುರುತ್ತದೆ. ಅಂಟು ಅವಾಹಕ, ಜಾಸ್ತಿಯಾದರೆ ಒಂದೊಂದು ಚೂರನ್ನೂ ಸುತ್ತಿ ಮುಚ್ಚುತ್ತದೆ. ಆಗ ಬಳಿದದ್ದು ಕಪ್ಪು ಬಣ್ಣ ಮಾತ್ರ. ಅಂಟನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತ ಬಂದರೆ ರೋಧವೂ ಸ್ವಲ್ಪಸ್ವಲ್ಪವೇ ಇಳಿಯುತ್ತದೆ ಎಂದುಕೊಳ್ಳುವುದು ಸಹಜ. ಹಾಗೆ ಆಗುವುದಿಲ್ಲ. ಬಹಳ ಹೊತ್ತು ಏನೂ ಆಗದು, ಮೀಟರ್ ಸುಮ್ಮನಿರುತ್ತದೆ. ಮುಂದೆ ಒಂದು ಹದದಲ್ಲಿ, ಒಂದು ಚಿಟಿಕೆ ಪುಡಿ ಹೆಚ್ಚಾದಾಗ, ರೋಧ ಒಮ್ಮೆಲೇ ಧುಮುಕುತ್ತದೆ.

ಕಲ್ಲಿಂದ ಕಲ್ಲಿಗೆ ಹೆಜ್ಜೆಯಿಟ್ಟು ಹಳ್ಳ ದಾಟುವುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಹಳ್ಳದಲ್ಲಿ ಎಷ್ಟೇ ಕಲ್ಲುಗಳಿರಲಿ, ಈ ದಡದಿಂದ ಆ ದಡಕ್ಕೆ ಒಂದು ಸಾಲು ಪೂರ್ತಿ ಕೂಡುವವರೆಗೆ ದಾಟಲಾಗದು. ಕೊನೆಯ ಕಲ್ಲು ಬಿದ್ದ ಮರುಗಳಿಗೆ ದಾಟಬಹುದು.

ಗಣಿತದಲ್ಲಿ ಇದಕ್ಕೆ ಪರ್ಕೊಲೇಶನ್ ಎನ್ನುತ್ತಾರೆ. 1957ರಲ್ಲಿ ಸೈಮನ್ ಬ್ರಾಡ್‌ಬೆಂಟ್ ಮತ್ತು ಜಾನ್ ಹ್ಯಾಮರ್ಸ್ಲಿ ಇದನ್ನು ಮೊದಲು ಲೆಕ್ಕಕ್ಕೆ ತಂದರು. ಬ್ರಾಡ್‌ಬೆಂಟ್ ಆಗ ತಲೆಕೆಡಿಸಿಕೊಂಡಿದ್ದು ವಿಷಾನಿಲ ತಡೆಯುವ ಮುಖವಾಡದೊಳಗಿನ ಇದ್ದಿಲಿನ ಬಗ್ಗೆ: ರಂಧ್ರಗಳು ಎಲ್ಲೆಂದರಲ್ಲಿ ಹರಡಿದ್ದರೆ ಅನಿಲ ಒಳಕ್ಕೆ ಎಷ್ಟು ದೂರ ಹೋದೀತು? ಇಲ್ಲೂ ಇಂಗಾಲವೇ ಬಂತು. ಚೌಕುಳಿ ಹಾಳೆಯ ಮನೆಗಳನ್ನು ಮನಬಂದಂತೆ ಕಪ್ಪು ಮಾಡುತ್ತ ಹೋದರೆ ಸುಮಾರು ನೂರಕ್ಕೆ 59 ಮನೆಗಳು ತುಂಬಿದಾಗ ಒಂದಂಚಿನಿಂದ ಇನ್ನೊಂದಂಚಿಗೆ ದಾರಿ ತೆರೆದುಕೊಳ್ಳುತ್ತದೆ. ಮೂರು ಆಯಾಮದಲ್ಲಿ, ಗುಂಡನೆಯ ಕಣಗಳಾದರೆ, ಅವು ಗಾತ್ರದಲ್ಲಿ ನೂರಕ್ಕೆ ಸುಮಾರು 16 ಪಾಲು ತುಂಬಿದರೆ ಸಾಕು. ಗ್ರಾಫೈಟಿನಂಥ ಚಪ್ಪಟೆ ಚೂರುಗಳಿಗೆ ಇನ್ನೂ ಕಡಿಮೆ.

ಈ ಅಂಕೆಗಳನ್ನು ಓದಿದ ಮೇಲೆ ಶಾಯಿಯ ಬಗೆಗಿನ ನನ್ನ ತಿಳಿವಳಿಕೆಯೇ ಬದಲಾಯಿತು. ಶಾಯಿಯ ವಾಹಕತೆ ಅದರೊಳಗಿನ ವಸ್ತುವಿನ ಗುಣ ಮಾತ್ರವಲ್ಲ. ವಸ್ತುವಿನ ಚೂರುಗಳು ಪರಸ್ಪರ ಮುಟ್ಟುತ್ತಿವೆಯೇ ಎಂಬುದರ ಗುಣ.

*

ಒದ್ದೆ ಶಾಯಿಯ ಅಂಕೆಯನ್ನು ನಂಬಬಾರದು. ಬಳಿದ ಕೂಡಲೇ ಮೀಟರ್ ಏನೋ ಒಂದು ತೋರಿಸುತ್ತದೆ, ಆದರೆ ಆ ಅಂಕೆ ನಿಲ್ಲದೆ ಜಾರುತ್ತಿರುತ್ತದೆ. ನೀರಿನಲ್ಲಿ ಕರಗಿದ ಲವಣಗಳ ಅಯಾನುಗಳು ಓಡಾಡುತ್ತಿರುತ್ತವೆ, ಮೀಟರಿನ ಮೊನೆಗಳ ಬಳಿ ಸಣ್ಣದೊಂದು ರಾಸಾಯನಿಕ ಕ್ರಿಯೆಯೂ ನಡೆಯುತ್ತಿರುತ್ತದೆ. ಪೂರ್ತಿ ಒಣಗಿ, ಅಂಟು ಕುಗ್ಗಿ, ಚೂರುಗಳು ಬಿಗಿದುಕೊಂಡ ಮೇಲೆ ಸಿಗುವ ಅಂಕೆಯೇ ನಿಜದ ಅಂಕೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಉಬ್ಬುವುದರಿಂದ ಅದೂ ಅಲುಗಾಡುತ್ತದೆ. ಕಾಗದ ಬಾಗಿಸಿದರೂ ಬದಲಾಗುತ್ತದೆ: ಗೆರೆ ಹೊರಮೈಯಲ್ಲಿರುವಂತೆ ಬಾಗಿಸಿದರೆ ಚೂರುಗಳು ದೂರವಾಗಿ ರೋಧ ಏರುತ್ತದೆ, ಒಳಮೈಗೆ ಬರುವಂತೆ ಬಾಗಿಸಿದರೆ ಇಳಿಯುತ್ತದೆ. ತಂತಿಯಾಗಿ ಇದು ದೋಷ. ಬಾಗುವಿಕೆ ಅಳೆಯುವ ಸಾಧನವಾಗಿ ಇದೇ ಗುಣ.

*

ಚೌಕದ ಒಗಟು. ಬಳಿದ ಪದರದ ದಪ್ಪ ಒಂದೇ ಇದ್ದರೆ, ಹೆಬ್ಬೆರಳ ಉಗುರಿನಷ್ಟು ಚೌಕಕ್ಕೂ ಹಾಸುಗಂಬಳಿಯಷ್ಟು ಚೌಕಕ್ಕೂ ಎದುರುಬದುರು ಅಂಚುಗಳ ನಡುವೆ ಒಂದೇ ರೋಧ. ಮೊದಲ ಸಲ ಕೇಳಿದಾಗ ನಂಬುವುದು ಕಷ್ಟ. ಉದ್ದ ಇಮ್ಮಡಿಯಾದರೆ ರೋಧ ಇಮ್ಮಡಿ. ಅಗಲ ಇಮ್ಮಡಿಯಾದರೆ ರೋಧ ಅರ್ಧ. ಎರಡೂ ಒಟ್ಟಿಗೆ ಆದರೆ ಸರಿದೂಗುತ್ತದೆ. ಹಾಗಾಗಿ ಶಾಯಿಯನ್ನು ‘ಒಂದು ಚೌಕಕ್ಕೆ ಇಷ್ಟು ಓಮ್’ ಎಂದು ಅಳೆಯುತ್ತಾರೆ, ಚೌಕ ಯಾವ ಗಾತ್ರದ್ದು ಎಂದು ಹೇಳಬೇಕಾಗಿಲ್ಲ.

ಲಂಡನ್ನಿನ ಬೇರ್ ಕಂಡಕ್ಟಿವ್ ಕಂಪನಿ ಮಾರುವ ಇಂಗಾಲದ ಬಣ್ಣವನ್ನು 50 ಮೈಕ್ರಾನ್ ದಪ್ಪ ಬಳಿದರೆ ಚೌಕಕ್ಕೆ ಸುಮಾರು 55 ಓಮ್. ಮಾಮೂಲಿ ಸರ್ಕ್ಯೂಟ್ ಬೋರ್ಡಿನ 35 ಮೈಕ್ರಾನ್ ತಾಮ್ರಕ್ಕೆ ಚೌಕಕ್ಕೆ ಅರ್ಧ ಮಿಲಿಓಮ್. ನಡುವಿನ ಅಂತರ ಒಂದು ಲಕ್ಷ ಪಟ್ಟು!

ಆ 55 ಓಮ್ ಶಾಯಿಯಲ್ಲೇ ಲೆಕ್ಕ ಹಾಕೋಣ. 2 ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಗೆರೆ ಎಂದರೆ ಸಾಲಾಗಿ 50 ಚೌಕ, 2750 ಓಮ್. ಹೋಗುವುದಕ್ಕೊಂದು, ಬರುವುದಕ್ಕೊಂದು ಗೆರೆ, ಒಟ್ಟು 5500. 9 ವೋಲ್ಟಿನ ಬ್ಯಾಟರಿ, ನಡುವೆ 2 ವೋಲ್ಟ್ ಬೇಡುವ ಕೆಂಪು ಎಲ್‌ಇಡಿ ಇಟ್ಟರೆ ಹರಿಯುವುದು ಸುಮಾರು 1.3 ಮಿಲಿಆಂಪಿಯರ್. ದೀಪ ಮಂಕಾಗಿ ಹತ್ತುತ್ತದೆ. ಗೆರೆಯನ್ನು 1 ಸೆಂಟಿಮೀಟರ್ ಅಗಲ ಮಾಡಿದರೆ ಒಟ್ಟು 1100 ಓಮ್, 6 ಮಿಲಿಆಂಪಿಯರ್ ದಾಟುತ್ತದೆ, ಚೆನ್ನಾಗಿ ಬೆಳಗುತ್ತದೆ. ಅದೇ ತೆಳುಗೆರೆಗಳಲ್ಲಿ ಆಟಿಕೆಯ ಮೋಟಾರಿಗೆ ಬೇಕಾದ 100 ಮಿಲಿಆಂಪಿಯರ್ ಹರಿಸಲು ಹೊರಟರೆ 550 ವೋಲ್ಟ್ ಗೆರೆಗಳಲ್ಲೇ ಕರಗಿಹೋಗಬೇಕು. ಮೋಟಾರ್ ತಿರುಗದಿದ್ದಾಗ ಶಾಯಿ ಕೆಟ್ಟಿದೆ ಎಂದುಕೊಳ್ಳುವ ಮೊದಲು ಚೌಕ ಎಣಿಸಬೇಕು.

*

ರೋಧವೇ ಬೇಕಾದಲ್ಲಿ ಗ್ರಾಫೈಟಿಗೆ ಸಾಟಿಯಿಲ್ಲ. ಹಾನ್ಸ್ ಕಾಮೆನ್‌ಜಿಂಡ್ ರೂಪಿಸಿ 1972ರಲ್ಲಿ ಮಾರುಕಟ್ಟೆಗೆ ಬಂದ 555 ಟೈಮರ್ ಚಿಪ್ಪು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ. ಅದರ ನಾದದ ಎತ್ತರ ನಿಲ್ಲುವುದು ಒಂದು ರೋಧಕ ಮತ್ತು ಒಂದು ಕೆಪಾಸಿಟರಿನ ಮೇಲೆ. ಆ ರೋಧಕದ ಜಾಗದಲ್ಲಿ ಪೆನ್ಸಿಲ್ಲಿನ ಪಟ್ಟಿ ಇಟ್ಟು, ಕೆಪಾಸಿಟರ್ 0.01 ಮೈಕ್ರೊಫ್ಯಾರಡ್ ಆಗಿದ್ದರೆ, ಪಟ್ಟಿ ಒಂದು ಲಕ್ಷ ಓಮ್ ಇದ್ದಾಗ ಸುಮಾರು 700 ಹರ್ಟ್ಸ್ ಕೇಳಿಸುತ್ತದೆ. ಪಟ್ಟಿಯ ನಟ್ಟನಡುವೆ ತಂತಿ ಮುಟ್ಟಿಸಿದರೆ ಸುಮಾರು 1400. ಷಡ್ಜದಿಂದ ತಾರ ಷಡ್ಜ. ನಡುವಿನ ಸ್ವರಗಳ ಜಾಗವನ್ನೂ ಕಾಗದದ ಮೇಲೆ ಗುರುತು ಹಾಕಿಕೊಳ್ಳಬಹುದು. ಬರೆದ ಗೆರೆ ಕಿವಿಗೆ ಕೇಳಿಸುತ್ತದೆ ಎಂಬುದು ನನಗೆ ಎಷ್ಟು ಸಲ ಕಂಡರೂ ಹಳತಾಗದ ಅಚ್ಚರಿ.

*

ತಾಮ್ರದ ಪುಡಿ ಯಾಕೆ ಆಗದು? ತಾಮ್ರ ಗ್ರಾಫೈಟಿಗಿಂತ ಎಷ್ಟೋ ಪಾಲು ಒಳ್ಳೆಯ ವಾಹಕ. ಆದರೂ ತಾಮ್ರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದರೆ ಮೀಟರಿಗೆ ದಾರಿಯೇ ಸಿಗುವುದಿಲ್ಲ. ಪ್ರತಿಯೊಂದು ಕಣದ ಸುತ್ತಲೂ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ. ಕಣಗಳು ಮುಟ್ಟುತ್ತಿವೆ, ಒಳಗಿನ ತಾಮ್ರಗಳು ಮುಟ್ಟುತ್ತಿಲ್ಲ.

ಪ್ಯಾರಿಸ್ಸಿನ ಎದುವಾರ್ ಬ್ರಾನ್ಲಿ 1890ರಲ್ಲಿ ಕಂಡದ್ದು ಇದನ್ನೇ. ಗಾಜಿನ ಕೊಳವೆಯಲ್ಲಿ ತುಂಬಿದ ಲೋಹದ ಅರಪುಡಿ ಕರೆಂಟನ್ನು ಬಿಡುತ್ತಿರಲಿಲ್ಲ. ದೂರದಲ್ಲಿ ವಿದ್ಯುತ್ ಕಿಡಿ ಹಾರಿಸಿದರೆ ಅದೇ ಪುಡಿ ದಾರಿ ಬಿಡುತ್ತಿತ್ತು. ಕೊಳವೆಯನ್ನು ಬೆರಳಿನಿಂದ ತಟ್ಟಿದರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮೊದಲ ರೇಡಿಯೊಗಳ ಕಿವಿ ಇದೇ ಕೊಳವೆ, ಕೊಹೆರರ್. ಕಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಇಂಥ ಲೋಹಸ್ಪರ್ಶಗಳನ್ನೇ ವರ್ಷಗಟ್ಟಲೆ ಪರೀಕ್ಷಿಸಿದರು. ಶಾಯಿ ಮಾಡುವವನಿಗೆ ತೊಡಕಾದ ಗುಣವೇ ರೇಡಿಯೊ ಅಲೆಗಳನ್ನು ಹಿಡಿಯಲು ಒದಗಿಬಂತು.

*

ಬೆಳ್ಳಿ. ಎಲ್ಲ ಲೋಹಗಳಲ್ಲಿ ಅತ್ಯುತ್ತಮ ವಾಹಕ, ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಬಗ್ಗದು. ಆದ್ದರಿಂದಲೇ ಕಂಪ್ಯೂಟರಿನ ಕೀಲಿಮಣೆಯೊಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ, ಕಾರಿನ ಹಿಂಗಾಜಿನ ಮಂಜು ಕರಗಿಸುವ ಗೆರೆಗಳಲ್ಲಿ, ಸೌರಫಲಕದ ಮುಖದ ಸಣ್ಣ ಪಟ್ಟೆಗಳಲ್ಲಿ ಬೆಳ್ಳಿಯ ಶಾಯಿಯೇ ಇದೆ. ಸಕ್ಕರೆ ಕಾಯಿಲೆಯವರು ರಕ್ತದ ಹನಿ ಮುಟ್ಟಿಸುವ ಪಟ್ಟಿಯಲ್ಲೂ ಇಂಗಾಲದ್ದೋ ಬೆಳ್ಳಿಯದೋ ಅಚ್ಚಾದ ಗೆರೆಗಳಿರುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಶೆಲ್ಲುಗಳ ತಲೆಯೊಳಗಿನ ಪುಟ್ಟ ರೇಡಿಯೊಗಳಿಗೆ ಅಮೆರಿಕದವರು ಪಿಂಗಾಣಿಯ ಮೇಲೆ ಬೆಳ್ಳಿಯ ಬಣ್ಣ ಅಚ್ಚೊತ್ತಿ ಸುಟ್ಟು ಸರ್ಕ್ಯೂಟ್ ಮಾಡಿದ್ದರು.

ನಮ್ಮ ಮೈಸೂರಿಗೂ ಬೆಳ್ಳಿಯ ಶಾಯಿಗೂ ನಂಟಿದೆ. 1937ರಲ್ಲಿ ಶುರುವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಮಾಡುತ್ತ ಬಂದಿದೆ. ಅದರ ಜೀವಾಳ ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಡನೆ ಸೇರಿ, ಬೆಳಕಿಗೆ ಕಪ್ಪಾಗಿ, ವಾರಗಟ್ಟಲೆ ಹೋಗದೆ ನಿಲ್ಲುತ್ತದೆ. ಆ ಕಪ್ಪು ಬೆಳ್ಳಿಯೇ, ನುಣ್ಣನೆಯ ಕಣಗಳಾಗಿ ಬಿಡಿಬಿಡಿಯಾಗಿ ಚದುರಿದ ಬೆಳ್ಳಿ. ಕರೆಂಟು ಬಿಡದು. ಸರ್ಕ್ಯೂಟ್ ಬರೆಯುವ ಬೆಳ್ಳಿಶಾಯಿಗೂ ಎಷ್ಟೋ ಸಲ ಇದೇ ಲವಣವೇ ಮೂಲ. ಒಂದರಲ್ಲಿ ಕಣಗಳು ಬೇರೆಬೇರೆ ಕುಳಿತಿವೆ, ಇನ್ನೊಂದರಲ್ಲಿ ಕೂಡಿಕೊಂಡಿವೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೆನಿಫರ್ ಲೂಯಿಸ್ ತಂಡ 2011ರಲ್ಲಿ ಬೆಳ್ಳಿಯ ಕಣಗಳ ಶಾಯಿಯನ್ನು ರೋಲರ್ ಪೆನ್ನಿಗೆ ತುಂಬಿ ಕಾಗದದ ಮೇಲೆ ಸರ್ಕ್ಯೂಟ್ ಬರೆದು ತೋರಿಸಿತು. ಮರುವರ್ಷ ಅದೇ ಪ್ರಯೋಗಾಲಯದಲ್ಲಿ ಬ್ರೆಟ್ ವಾಕರ್ ಮತ್ತು ಲೂಯಿಸ್ ಮಾಡಿದ್ದು ಇನ್ನೂ ವಿಚಿತ್ರ: ಕಣಗಳೇ ಇಲ್ಲದ ತಿಳಿಯಾದ ಶಾಯಿ. ಸಿಲ್ವರ್ ಅಸಿಟೇಟ್, ಅಮೋನಿಯಾ, ಫಾರ್ಮಿಕ್ ಆಮ್ಲ. ಬರೆಯುವಾಗ ನೀರಿನಂತಿದ್ದು, ಅಮೋನಿಯಾ ಆರಿಹೋದಾಗ ಬೆಳ್ಳಿ ಅಲ್ಲೇ ಹುಟ್ಟಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. 90 ಡಿಗ್ರಿಯಲ್ಲಿ ಕಾಯಿಸಿದರೆ ಗಟ್ಟಿ ಬೆಳ್ಳಿಯಷ್ಟೇ ವಾಹಕ. ಕಣಗಳನ್ನು ಹತ್ತಿರ ತರುವ ಗೋಜೇ ಇಲ್ಲ.

ಓದಿದವರಿಗೆ ಇದನ್ನು ಮನೆಯಲ್ಲೇ ಮಾಡೋಣ ಅನ್ನಿಸಬಹುದು. ಮಾಡಬಾರದು. ಬೆಳ್ಳಿಯ ಲವಣವನ್ನು ಅಮೋನಿಯಾದಲ್ಲಿ ಕರಗಿಸಿ ಇಟ್ಟರೆ ಕಾಲ ಕಳೆದಂತೆ ಅದರಲ್ಲಿ ಬೆಳ್ಳಿಯ ನೈಟ್ರೈಡ್ ಹುಟ್ಟಬಹುದು. ಅದು ತುಸು ಅಲುಗಿದರೂ ಸಿಡಿಯುವ ವಸ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಇಂಥದ್ದೇ ಆದ ಟಾಲೆನ್ಸ್ ದ್ರಾವಣವನ್ನು ಆಗಿಂದಾಗ ಮಾಡಿ, ಬಳಸಿ, ಆಮ್ಲ ಹಾಕಿ ಕೆಡಿಸಿ ಚೆಲ್ಲುವುದು ಇದೇ ಕಾರಣಕ್ಕೆ.

*

ಮೈಲುತುತ್ತ. ಮಲೆನಾಡಿನಲ್ಲಿ ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ, ತಾಮ್ರದ ಲವಣವಾದ ಆ ನೀಲಿ ಹರಳು ಶಾಯಿಯ ಕತೆಯಲ್ಲಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಮಾರಿಟ್ಸ್ ಯಾಕೋಬಿ 1838ರ ಹೊತ್ತಿಗೆ ರಷ್ಯಾದಲ್ಲಿ ಕರೆಂಟಿನಿಂದ ತಾಮ್ರವನ್ನು ಅಚ್ಚಿನ ಮೇಲೆ ಕೂರಿಸುವುದನ್ನು ಕಂಡುಕೊಂಡ. ಆದರೆ ಅಚ್ಚು ಲೋಹದ್ದೇ ಆಗಬೇಕಿತ್ತು. 1840ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಮರ್ರೆ, ಮೇಣದ ಅಚ್ಚಿಗೆ ಗ್ರಾಫೈಟ್ ಪುಡಿ ಸವರಿದರೆ ಸಾಕು ಎಂದು ತೋರಿಸಿದ. ಆಮೇಲೆ ಬಹುಕಾಲ ಪುಸ್ತಕ, ಪತ್ರಿಕೆಗಳ ಎಷ್ಟೋ ಚಿತ್ರಗಳು ಹೀಗೆ ಮಾಡಿದ ತಾಮ್ರದ ಅಚ್ಚುಗಳಿಂದ ಮುದ್ರಣವಾದವು. ಗ್ರಾಫೈಟ್ ಶಾಯಿ ನೂರೆಂಬತ್ತು ವರ್ಷಗಳಷ್ಟು ಹಳೆಯದು, ನಾವು ಅದನ್ನು ಹೊಸ ಆಟವೆಂದು ತಿಳಿದಿದ್ದೇವೆ.

ಹಾಗಾದರೆ ದುರ್ಬಲವಾದ ಗ್ರಾಫೈಟ್ ಗೆರೆಯ ಮೇಲೆ ತಾಮ್ರ ಬೆಳೆಸಬಹುದು. ಕಾಗದ ನೀರಿಗೆ ಸೋಲುತ್ತದೆ, ಅಕ್ರಿಲಿಕ್ ಹಾಳೆ ಬೇಕು. ಫೆವಿಕಾಲ್ ಮೆತ್ತಗಾಗುತ್ತದೆ, ನೈಲ್ ಪಾಲಿಶಿನಲ್ಲೋ ವಾರ್ನಿಷಿನಲ್ಲೋ ಪುಡಿ ಕಲಸಬೇಕು. ಒಣಗಿದ ಗೆರೆಯನ್ನು ಉಜ್ಜಿ ಮಿರುಗಿಸಿ, ಬ್ಯಾಟರಿಯ ಋಣ ತುದಿಗೆ ಸೇರಿಸಿ, ಧನ ತುದಿಗೆ ತಾಮ್ರದ ತಂತಿ ಕಟ್ಟಿ, ಎರಡನ್ನೂ ಮೈಲುತುತ್ತದ ನೀರಿನಲ್ಲಿ ಇಳಿಬಿಡಬೇಕು. ಮೊದಲು ತಾಮ್ರ ಕಾಣುವುದು ಕ್ಲಿಪ್ ಹಿಡಿದ ಕಡೆ ಮಾತ್ರ. ಅಲ್ಲಿಂದ ಕೆಂಪು ಅಂಚೊಂದು ಕಪ್ಪು ಗೆರೆಯ ಮೇಲೆ ಮೆಲ್ಲಗೆ ಮುಂದಕ್ಕೆ ತೆವಳುತ್ತದೆ. ಗ್ರಾಫೈಟಿನ ರೋಧ ಹೆಚ್ಚು, ದೂರದ ತುದಿಗೆ ಕರೆಂಟು ತಲುಪದು. ತಾಮ್ರ ಕೂತ ಭಾಗವೇ ಮುಂದಿನ ಭಾಗಕ್ಕೆ ತಂತಿಯಾಗುತ್ತದೆ. ತನಗೆ ಬೇಕಾದ ದಾರಿಯನ್ನು ಗೆರೆ ತಾನೇ ಮಾಡಿಕೊಳ್ಳುತ್ತ ಸಾಗುವುದನ್ನು ನೋಡಲು ಎಷ್ಟು ಹೊತ್ತಾದರೂ ಕೂರಬಹುದು.

ಲೆಕ್ಕ ನೇರ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.19 ಗ್ರಾಂ ತಾಮ್ರ ಕೂರುತ್ತದೆ. 10 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ಅಗಲದ ಗೆರೆಗೆ 35 ಮೈಕ್ರಾನ್ ದಪ್ಪ ಬೇಕೆಂದರೆ 0.063 ಗ್ರಾಂ ಸಾಕು. 50 ಮಿಲಿಆಂಪಿಯರಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು. ಆ ಗೆರೆ ಮೋಟಾರನ್ನೂ ಓಡಿಸುತ್ತದೆ. ಉಳಿದ ನೀಲಿ ನೀರನ್ನು ಕೆರೆಗೋ ಮೋರಿಗೋ ಸುರಿಯಬಾರದು, ಮೀನು ಸಾಯುತ್ತದೆ. ಸೀಸೆಯಲ್ಲಿಟ್ಟರೆ ಮತ್ತೆ ಬಳಕೆಗೆ ಬರುತ್ತದೆ.

*

2014ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್ಮನ್ ತಂಡ ಗ್ರಾಫೈಟ್ ಪುಡಿ, ನೀರು, ಪಾತ್ರೆ ತೊಳೆಯುವ ಸೋಪಿನ ದ್ರವ ಮೂರನ್ನೂ ಅಡುಗೆಮನೆಯ ಮಿಕ್ಸಿಯಲ್ಲಿ ತಿರುಗಿಸಿ ಗ್ರಾಫೈಟಿನ ತೆಳುಪದರಗಳಾದ ಗ್ರಾಫೀನ್ ಹಾಳೆಗಳನ್ನು ಬಿಡಿಸಿತು. ಪದರ ತೆಳುವಾದಷ್ಟೂ ಅದೇ ತೂಕದ ಪುಡಿಯಲ್ಲಿ ಮುಟ್ಟುವ ಜಾಗ ಹೆಚ್ಚು. ಅಡುಗೆಯ ಜಾರನ್ನು ಮಾತ್ರ ಇದಕ್ಕೆ ಬಳಸಬೇಡಿ.

*

ಇಷ್ಟು ನೋಡಿದ ಮೇಲೆ ನನ್ನ ತೀರ್ಮಾನ: ರೋಧಕವೋ ಸಂವೇದಕವೋ ಬೇಕಿದ್ದರೆ ಗ್ರಾಫೈಟ್ ಶಾಯಿ, ತಂತಿಯೇ ಬೇಕಿದ್ದರೆ ಅದರ ಮೇಲೆ ಬೆಳೆಸಿದ ತಾಮ್ರ, ಬೆಳ್ಳಿ ಬೇಕಿದ್ದರೆ ಅಂಗಡಿಯ ಪೆನ್ನು.

ಹೈಸ್ಕೂಲಿನ ವಿಜ್ಞಾನ ಶಿಕ್ಷಕರಲ್ಲಿ ಒಂದು ಕೋರಿಕೆ. ಹತ್ತನೆಯ ತರಗತಿಯಲ್ಲಿ ರೋಧವು ವಾಹಕದ ಉದ್ದ ಮತ್ತು ಅಡ್ಡಕೊಯ್ತದ ಮೇಲೆ ನಿಂತಿದೆ ಎಂಬ ಪಾಠ ಬಂದಾಗ, ನೈಕ್ರೋಮ್ ತಂತಿ ಸಿಗಲಿಲ್ಲವೆಂದು ಹಲಗೆಯ ಮೇಲೆ ಸೂತ್ರ ಬರೆದು ಮುಂದೆ ಹೋಗಬೇಡಿ. ಒಂದು 6ಬಿ ಪೆನ್ಸಿಲ್, ಚೌಕುಳಿ ಹಾಳೆ, ಸಾಮಾನ್ಯ ಮಲ್ಟಿಮೀಟರ್ ಇದ್ದರೆ ಸಾಕು. ಪಟ್ಟಿಯನ್ನು ಮಕ್ಕಳೇ ತುಂಬಲಿ, ಉದ್ದ ಅಗಲ ಅವರೇ ಬದಲಿಸಲಿ, ಅಂಕೆಗಳನ್ನೂ ಅವರೇ ಬರೆದುಕೊಳ್ಳಲಿ.